ಸರ್ಕ್ಯೂಟ್ ಲೆಕ್ಕ ಬರುತ್ತದೆ, ಅರ್ಥ ಮಾತ್ರ ಆಗುತ್ತಿಲ್ಲ. ಏನು ಮಾಡಲಿ?

ಮೆಶ್, ನೋಡಲ್ (ಸರ್ಕ್ಯೂಟ್ ಬಿಡಿಸುವ ಎರಡು ವಿಧಾನ) ಸಮೀಕರಣ ಬರೆದು ಉತ್ತರ ತೆಗೆಯುತ್ತೇನೆ, ಆದರೆ ಸರ್ಕ್ಯೂಟ್ ಒಳಗೆ ಏನು ನಡೆಯುತ್ತಿದೆ ಅಂತ ಹೊಳೆಯುವುದಿಲ್ಲ ಅಂದಿದ್ದೀರಿ. ಕಾಲೇಜಿನಲ್ಲಿ ನನ್ನ ಪಾಡೂ ಇದೇ ಆಗಿತ್ತು. ಥೆವೆನಿನ್ ಪ್ರಮೇಯದ, ಅಂದರೆ ಸರ್ಕ್ಯೂಟನ್ನು ಒಂದು ಬ್ಯಾಟರಿ ಮತ್ತು ಒಂದು ರೆಸಿಸ್ಟರ್‌ಗೆ ಇಳಿಸುವ ನಿಯಮದ, ಲೆಕ್ಕ ಸರಿಯಾಗಿ ಮಾಡುತ್ತಿದ್ದೆ. ಅದು ಯಾಕೆ ಬೇಕು ಅಂತ ಮಾತ್ರ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಲ್ಯಾಬ್‌ನಲ್ಲಿ. 10 ವೋಲ್ಟ್ ಸಪ್ಲೈಗೆ ಎರಡು 10 ಕಿಲೋ ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿದ್ದೆ. ನಡುವೆ ಅಳೆದರೆ 5 ವೋಲ್ಟ್ ಬಂತು. ಅಲ್ಲಿಂದ ಗ್ರೌಂಡ್‌ಗೆ 1 ಕಿಲೋ ಓಮ್ ಲೋಡ್ ಹಾಕಿದೆ. ಮೀಟರ್ 0.83ಕ್ಕೆ ಇಳಿಯಿತು. ವೈರ್ ಅಲ್ಲಾಡಿಸಿದೆ, ಬ್ರೆಡ್‌ಬೋರ್ಡ್‌ನಲ್ಲಿ ಜಾಗ ಬದಲಿಸಿದೆ. ಮತ್ತೆ ಅದೇ 0.83. ಕೊನೆಗೆ ಕಾಗದದ ಮೇಲೆ ಬಿಡಿಸಿದಾಗ ಹೊಳೆಯಿತು. ವೋಲ್ಟೇಜ್ ಹಂಚುವ ಆ ಎರಡು ರೆಸಿಸ್ಟರ್‌ಗಳ ಜೋಡಿ, ಅಂದರೆ ಡಿವೈಡರ್, ಲೋಡ್ ಕಡೆಯಿಂದ ನೋಡಿದರೆ 5 ವೋಲ್ಟ್‌ನ ಒಂದು ಬ್ಯಾಟರಿ, ಅದರ ಜೊತೆ ಸೀರೀಸ್‌ನಲ್ಲಿ 5 ಕಿಲೋ ಓಮ್ (ಎರಡು 10 ಕಿಲೋ ಪ್ಯಾರಲಲ್‌ನಲ್ಲಿ ಇದ್ದ ಹಾಗೆ). ಒಟ್ಟು 6 ಕಿಲೋದಲ್ಲಿ ಲೋಡ್ 1 ಕಿಲೋ. ಹಾಗಾಗಿ 5ರಲ್ಲಿ ಆರನೇ ಒಂದು ಪಾಲು. ಅದೇ 0.83! ಥೆವೆನಿನ್ ಹೇಳುತ್ತಿದ್ದುದು ಇಷ್ಟೇ, ಅಲ್ವಾ?

ಇದೊಂದು ಕೈಗೆ ಸಿಕ್ಕರೆ ಎಲೆಕ್ಟ್ರಾನಿಕ್ಸ್‌ನಲ್ಲೂ ಜಾಸ್ತಿ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಮಿಟರ್ ಫಾಲೋವರ್ ಅನ್ನುವ ಟ್ರಾನ್ಸಿಸ್ಟರ್ ಸರ್ಕ್ಯೂಟ್ ವೋಲ್ಟೇಜನ್ನು ಹೆಚ್ಚಿಸುವುದೇ ಇಲ್ಲ, ಮತ್ತೆ ಅದು ಯಾಕೆ? ಮುಂದಿನ ಹಂತ ಜೋಡಿಸಿದಾಗ ವೋಲ್ಟೇಜ್ ಹೀಗೆ ಕುಸಿಯಬಾರದು ಅಂತ. ಇನ್‌ಪುಟ್ ಇಂಪೀಡೆನ್ಸ್, ಔಟ್‌ಪುಟ್ ಇಂಪೀಡೆನ್ಸ್ (ಒಳಬದಿ, ಹೊರಬದಿಯಿಂದ ಕಾಣುವ ಅಡ್ಡಿ) ಅನ್ನುವ ಪಾಠದಲ್ಲೂ ಇದೇ ಕಥೆ.

ಇನ್ನೊಂದು ಮಾತು. ವೋಲ್ಟೇಜ್ ಅನ್ನುವುದು ಒಂದು ಬಿಂದುವಿನಲ್ಲಿ ಇರುವುದಲ್ಲ, ಎರಡು ಬಿಂದುಗಳ ನಡುವೆ ಇರುವುದು. 'ಇಲ್ಲಿ 3 ವೋಲ್ಟ್' ಅಂತ ಯಾರಾದರೂ ಹೇಳಿದರೆ 'ಯಾವುದಕ್ಕೆ ಹೋಲಿಸಿ?' ಅಂತ ಕೇಳಿ. ನೋಡಲ್ ವಿಧಾನದಲ್ಲಿ ಮೊದಲು ಗ್ರೌಂಡ್ ಗುರುತಿಸುವುದು ಇದಕ್ಕೇ. ಕರೆಂಟ್‌ನ ದಿಕ್ಕಿಗೆ ಮಾತ್ರ ಹೆದರಬೇಡಿ. ತಪ್ಪಾಗಿ ಊಹಿಸಿದರೆ ಉತ್ತರ ಮೈನಸ್‌ನಲ್ಲಿ ಬರುತ್ತದೆ, ಅಷ್ಟೇ. ಮೆಶ್, ನೋಡಲ್ ಸಮೀಕರಣಗಳ ಹಿಂದಿರುವ ನಿಯಮಗಳನ್ನು ಕಿರ್ಕಾಫ್ 1845ರಲ್ಲಿ ಹೇಳಿದಾಗ ಅವರೂ ನಿಮ್ಮ ಹಾಗೆ ವಿದ್ಯಾರ್ಥಿಯೇ.

ಡಯೋಡ್ ಬಂದಾಗ ಎಲ್ಲರೂ ಎಡವುತ್ತಾರೆ, ಯಾಕೆಂದರೆ ಅದು ರೆಸಿಸ್ಟರ್ ಹಾಗೆ ನಡೆಯುವುದಿಲ್ಲ. ಎಲ್‌ಇಡಿಯೂ ಒಂದು ಡಯೋಡೇ. ಕೆಂಪು ಎಲ್‌ಇಡಿ ಉರಿಯುವಾಗ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. 9 ವೋಲ್ಟ್ ಕೊಟ್ಟರೆ ಉಳಿದ 7 ಅದರ ಜೊತೆ ಸೀರೀಸ್‌ನಲ್ಲಿರುವ ರೆಸಿಸ್ಟರ್ ಪಾಲು. 470 ಓಮ್ ಇದ್ದರೆ 15 ಮಿಲಿಆಂಪಿಯರ್. ಸಪ್ಲೈಯನ್ನು 6ಕ್ಕೆ ಇಳಿಸಿ, ಎರಡರ ಮೇಲೂ ಅಳೆದು ನೋಡಿ. ಎಲ್‌ಇಡಿ ಮೇಲಿನ ವೋಲ್ಟೇಜ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಅಳೆಯುವ ಮೊದಲು ಎಷ್ಟು ಬರಬಹುದು ಅಂತ ಬರೆದಿಡಿ. ಇದನ್ನು ಬಿಡಬೇಡಿ. ಸುಮ್ನೆ ಮೀಟರ್ ಹಚ್ಚಿ ನೋಡಿದರೆ ಯಾವ ಅಂಕಿಯೂ ಸರಿ ಅನ್ನಿಸುತ್ತದೆ. ಸಿಮ್ಯುಲೇಟರ್ ಬಳಸಿದರೂ ಹಾಗೇ ಮಾಡಿ.

ಇವತ್ತೇ ಒಂದು ಮಾಡಿ ನೋಡಿ. ಅದೇ ಡಿವೈಡರ್, ಆದರೆ 10 ಕಿಲೋ ಬದಲು ಎರಡು 10 ಮೆಗಾ ಓಮ್. ಮತ್ತೆ 5 ವೋಲ್ಟ್ ಬರಬೇಕು ಅನ್ನಿಸುತ್ತದೆ. ಮೀಟರ್ ಸುಮಾರು 3.3 ತೋರಿಸಿದರೆ ಗಾಬರಿಯಾಗಬೇಡಿ. ಬಹಳಷ್ಟು ಡಿಜಿಟಲ್ ಮೀಟರ್‌ಗಳ ಒಳಗೂ 10 ಮೆಗಾ ಓಮ್ ಇರುತ್ತದೆ. ಈ ಸಲ ಲೋಡ್ ಆಗಿ ಕೂತಿರುವುದು ಮೀಟರೇ.