ಕೊಪ್ಪರಿಗೆ ತಾನಾಗಿಯೇ ಇಳಿಯಿತು

ಪ್ರಶ್ನೆ: ಮಾನ್ಯರೇ, ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ಪಾಕ ಬಂದ ಕೊಪ್ಪರಿಗೆಯನ್ನು ಒಲೆಯಿಂದ ಎತ್ತಲು ಈ ವರ್ಷ ಗುಜರಿಯಲ್ಲಿ ಸಿಕ್ಕ ವರ್ಮ್ ಗೇರ್‌ಬಾಕ್ಸ್‌ಗೆ ಮೂರು ಫೇಸ್ ಮೋಟರನ್ನು ನೇರವಾಗಿ ಕೂರಿಸಿ, ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿಸಿದ್ದೇವೆ. ಪೆಟ್ಟಿಗೆಯ ಮೇಲೆ 1:10 ಎಂದು ಬರೆದಿದೆ. ಇಳಿಸುವುದಕ್ಕಾಗಿ ಮೋಟರನ್ನು ಉಲ್ಟಾ ತಿರುಗಿಸಿದರೆ ಗೇರ್ ಹಾಳಾಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ವರ್ಮ್ ಗೇರ್ ಉಲ್ಟಾ ತಿರುಗುವುದೇ ಇಲ್ಲ, ಬ್ರೇಕ್ ಬೇಡ ಎಂದು ಮಾರಿದವರು ಹೇಳಿದ್ದರು. ಮೊನ್ನೆ ನೀರು ತುಂಬಿಸಿ ಎತ್ತಿ ನೋಡುತ್ತಿದ್ದಾಗ ಕರೆಂಟ್ ಹೋಯಿತು. ಕೊಪ್ಪರಿಗೆ ತಾನಾಗಿಯೇ ಕೆಳಗೆ ಜಾರಿತು. ಯಾರ ಮಾತು ನಿಜ?

ಉತ್ತರ: ಮೊದಲು ಆ ಯಂತ್ರವನ್ನು ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ. ಬೆಲ್ಲದ ಪಾಕ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ಕುದಿಯುವ ನೀರಿಗಿಂತ ಬಿಸಿ, ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮೊದಲ ಸಲ ನೀರು ತುಂಬಿಸಿ ನೋಡುವ ಎಚ್ಚರ ನಿಮಗಿತ್ತಲ್ಲ, ಅದು ದೊಡ್ಡದು.

ಇಬ್ಬರೂ ‘ಉಲ್ಟಾ’ ಎಂಬ ಒಂದೇ ಪದವನ್ನು ಬಳಸಿದ್ದಾರೆ, ಆದರೆ ಬೇರೆ ಬೇರೆ ವಿಷಯ ಮಾತನಾಡಿದ್ದಾರೆ. ಮೋಟರಿನ ಕಡೆಯಿಂದ ಎರಡೂ ದಿಕ್ಕಿಗೆ ತಿರುಗಿಸಬಹುದೇ ಎಂಬುದು ಒಂದು. ಡ್ರಮ್ಮಿನ ಕಡೆಯಿಂದ ಭಾರ ಎಳೆದಾಗ ಗೇರ್ ಹಿಂದಕ್ಕೆ ಓಡುತ್ತದೆಯೇ ಎಂಬುದು ಇನ್ನೊಂದು. ಮೂವತ್ತೊಂದು ವರ್ಷ ಗೇರ್‌ಬಾಕ್ಸ್ ಜೋಡಿಸಿದವನು ನಾನು. ಈ ಎರಡನ್ನು ಒಂದಾಗಿ ಕಲಸಿಬಿಟ್ಟು ಪೆಟ್ಟು ತಿಂದವರನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲನೆಯದು ಸುಲಭ. ತಿರುಗಿಸಬಹುದು. ಮೂರು ಫೇಸ್‌ಗಳಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮೋಟರ್ ಹಿಂದಕ್ಕೆ ತಿರುಗುತ್ತದೆ, ವರ್ಮ್, ಅಂದರೆ ಪೆಟ್ಟಿಗೆಯೊಳಗೆ ಹಲ್ಲುಚಕ್ರವನ್ನು ತಿರುಗಿಸುವ ತಿರುಪಿನಂಥ ಕಂಬಿ, ಅದನ್ನು ಹಿಂಬಾಲಿಸುತ್ತದೆ. ಆದರೂ ನಿಮ್ಮ ಎಲೆಕ್ಟ್ರಿಷಿಯನ್ ಹೆದರಿದ್ದರಲ್ಲಿ ಸ್ವಲ್ಪ ಹುರುಳಿದೆ. ದಿಕ್ಕು ಬದಲಾದಾಗ ವರ್ಮ್ ಶಾಫ್ಟಿನ ಉದ್ದಕ್ಕೆ ಬೀಳುವ ಒತ್ತಡವೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತದೆ. ಎರಡೂ ತುದಿಯಲ್ಲಿ ಟೇಪರ್ ರೋಲರ್ ಬೇರಿಂಗ್ ಇದ್ದರೆ ಚಿಂತೆಯಿಲ್ಲ. ಒಂದೇ ದಿಕ್ಕಿಗೆಂದು ಮಾಡಿದ ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಒತ್ತಡ ಹೊರುವ ಬೇರಿಂಗ್ ಒಂದೇ ಕಡೆ ಇರುತ್ತದೆ. ಕನ್ವೇಯರಿನಿಂದ ಬಿಚ್ಚಿ ತಂದದ್ದಾದರೆ ಒಳಗೆ ಹಿಂದಕ್ಕೆ ಬಿಡದ ಕ್ಲಚ್ ಕೂಡ ಇರಬಹುದು, ಉಲ್ಟಾ ಓಡಿಸಿದರೆ ಅದು ಮುರಿಯುತ್ತದೆ. ಮುಚ್ಚಳ ತೆಗೆಸಿ ನೋಡಿ. ಓಡುತ್ತಿರುವ ಮೋಟರನ್ನು ಪೂರ್ತಿ ನಿಲ್ಲಿಸದೆ ದಿಕ್ಕು ಬದಲಿಸಬೇಡಿ.

ಎರಡನೆಯ ಪ್ರಶ್ನೆಯಲ್ಲೇ ನಿಮ್ಮ ಕೊಪ್ಪರಿಗೆ ಜಾರಿದ್ದು.

ವರ್ಮ್ ಎಂದರೆ ಕಂಬಿಗೆ ಸುತ್ತಿದ ಒಂದು ಏರುದಾರಿ. ಕಬ್ಬು ತುಂಬಿದ ಗಾಡಿಯನ್ನು ಇಳಿಜಾರು ಅಷ್ಟಾಗಿ ಇಲ್ಲದ ದಾರಿಯಲ್ಲಿ ನಿಲ್ಲಿಸಿ ಎತ್ತು ಬಿಚ್ಚಿದರೂ ಅದು ಅಲ್ಲೇ ನಿಲ್ಲುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿಗೆ ಹತ್ತುವ ಕಡಿದಾದ ದಾರಿಯಲ್ಲಿ ಹಾಗೆ ಮಾಡಿದರೆ ಚಕ್ರಕ್ಕೆ ಕಲ್ಲು ಕೊಡಲೇಬೇಕು. ವರ್ಮಿನ ಏರು ಎಷ್ಟು ಕಡಿದು ಎಂಬುದನ್ನು ಅದರ ಎಳೆಗಳ ಸಂಖ್ಯೆ ಹೇಳುತ್ತದೆ. ಕಾರ್ಖಾನೆಯಲ್ಲಿ ಇದನ್ನು ಸ್ಟಾರ್ಟ್ ಎನ್ನುತ್ತಾರೆ. ನಲವತ್ತು ಹಲ್ಲಿನ ಚಕ್ರಕ್ಕೆ ಒಂದು ಎಳೆಯ ವರ್ಮ್ ಹಾಕಿದರೆ 1:40, ಅಂದರೆ ವರ್ಮ್ ನಲವತ್ತು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ನಾಲ್ಕು ಎಳೆಯದ್ದು ಹಾಕಿದರೆ 1:10. ಲೆಕ್ಕ ಹಾಕಿ ನೋಡೋಣ: 4 ಮಾಡ್ಯೂಲಿನ (ಇದು ಹಲ್ಲಿನ ಗಾತ್ರದ ಅಳತೆ), 40 ಮಿಲಿಮೀಟರ್ ಪಿಚ್ ವ್ಯಾಸದ ವರ್ಮಿಗೆ ಒಂದೇ ಎಳೆ ಇದ್ದರೆ ಏರಿನ ಕೋನ ಸುಮಾರು 5.7 ಡಿಗ್ರಿ, ನಾಲ್ಕು ಎಳೆ ಇದ್ದರೆ ಸುಮಾರು 22 ಡಿಗ್ರಿ. ಎಣ್ಣೆ ಸವರಿದ ಉಕ್ಕು ಮತ್ತು ಕಂಚಿನ ನಡುವಿನ ಘರ್ಷಣೆ ತಡೆಹಿಡಿಯುವುದು ಐದಾರು ಡಿಗ್ರಿಯ ಆಸುಪಾಸಿನವರೆಗೆ ಮಾತ್ರ. ಇಪ್ಪತ್ತೆರಡು ಡಿಗ್ರಿಯಲ್ಲಿ ಭಾರ ಕೆಳಗಿಳಿಯುತ್ತಾ ಮೋಟರನ್ನೇ ತಿರುಗಿಸುತ್ತದೆ. ನಿಮಗೆ ಮಾರಿದವರ ಮಾತು ಸಾಮಾನ್ಯವಾಗಿ ಒಂದೇ ಎಳೆಯಿರುವ 1:60 ಪೆಟ್ಟಿಗೆಗೆ ಬಹುಮಟ್ಟಿಗೆ ಹೊಂದುತ್ತದೆ, 1:10ಕ್ಕೆ ಹೊಂದುವುದಿಲ್ಲ.

ಪರೀಕ್ಷಿಸುವುದು ಸುಲಭ. ಭಾರ ಪೂರ್ತಿ ಇಳಿಸಿ, ಮೋಟರ್ ಬಿಚ್ಚಿ, ಡ್ರಮ್ಮಿನ ಶಾಫ್ಟಿಗೆ ಉದ್ದನೆಯ ಸಲಾಕೆ ಕಟ್ಟಿ ತಿರುಗಿಸಿ. ವರ್ಮ್ ಶಾಫ್ಟ್ ತಿರುಗಿದರೆ ಅದು ಹಿಂದಕ್ಕೆ ಓಡುವ ಪೆಟ್ಟಿಗೆ.

ತಿರುಗದಿದ್ದರೂ ನಂಬಬೇಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ನಿಂತ ಹಲ್ಲುಗಳ ಘರ್ಷಣೆಗಿಂತ ಓಡುವ ಹಲ್ಲುಗಳ ಘರ್ಷಣೆ ತುಂಬಾ ಕಡಿಮೆ. ಹಾಗಾಗಿ ನಿಂತಲ್ಲಿ ಹಿಡಿಯುವ ಪೆಟ್ಟಿಗೆ, ಓಡುತ್ತಿರುವಾಗ ಕರೆಂಟ್ ಹೋದರೆ ಭಾರದೊಡನೆ ಜಾರಿಬಿಡಬಹುದು. ಅದುರಾಟವೂ ಹಿಡಿತವನ್ನು ಸಡಿಲಿಸುತ್ತದೆ. ನಾನು ಕೆಲಸ ಕಲಿತ ಕಾರ್ಖಾನೆಯಲ್ಲಿ ಒಂದು ಎಳೆಯ ವರ್ಮಿನ ಎತ್ತುವ ಯಂತ್ರವಿತ್ತು. ಬ್ರೇಕ್ ಇರಲಿಲ್ಲ, ‘ಅದು ತಾನೇ ಹಿಡಿಯುತ್ತದೆ’ ಎಂಬ ನಂಬಿಕೆ. ಒಂದು ಸಂಜೆ ಅಚ್ಚು ಹೊತ್ತು ತೂಗುತ್ತಿದ್ದ ಅದರ ಪಕ್ಕದಲ್ಲೇ ಪವರ್ ಹ್ಯಾಮರ್ ಶುರು ಮಾಡಿದರು. ಹ್ಯಾಮರಿನ ಒಂದೊಂದು ಏಟಿಗೂ ಅಚ್ಚು ನೂಲಿನಷ್ಟು ಇಳಿಯುತ್ತಾ ಹೋಯಿತು. ಯಾರೂ ಗಮನಿಸಲಿಲ್ಲ. ಕೆಳಗೆ ಕೂತು ಬೋಲ್ಟ್ ಬಿಗಿಯುತ್ತಿದ್ದ ನನ್ನ ಗುರುಗಳ ಭುಜಕ್ಕೆ ಅದು ತಾಗಿದಾಗಲೇ ಗೊತ್ತಾದದ್ದು. ಅವರು ಪಕ್ಕಕ್ಕೆ ಉರುಳಿ ಪಾರಾದರು. ಆ ದಿನದಿಂದ ಬ್ರೇಕ್ ಇಲ್ಲದ ಎತ್ತುವ ಯಂತ್ರಕ್ಕೆ ನಾನು ಕೈ ಹಾಕಿಲ್ಲ.

ವರ್ಮ್ ಗೇರ್ ಇರುವ ಲಿಫ್ಟಿಗೂ ಬ್ರೇಕ್ ಬೇರೆಯಾಗಿಯೇ ಇರುತ್ತದೆ. ಅದನ್ನು ಹಿಡಿಸುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್. ಕರೆಂಟ್ ಹೋದ ಕ್ಷಣವೇ ಸ್ಪ್ರಿಂಗ್ ಕಚ್ಚುತ್ತದೆ. ನಿಮಗೂ ಬೇಕಾದದ್ದು ಅಂಥ ಬ್ರೇಕ್ ಇರುವ ಮೋಟರ್. ಅದರ ಜೊತೆಗೆ ಡ್ರಮ್ಮಿಗೊಂದು ಹಲ್ಲುಚಕ್ರ, ಅದರಲ್ಲಿ ಬೀಳುವ ಒಂದು ಉಕ್ಕಿನ ನಾಲಗೆ ಹಾಕಿಸಿ.

ಪೆಟ್ಟಿಗೆಯನ್ನೂ ಬದಲಿಸಿ. ನಿಮಿಷಕ್ಕೆ 1440 ಸುತ್ತಿನ ಮೋಟರಿಗೆ 1:10 ಎಂದರೆ ಡ್ರಮ್ 144 ಸುತ್ತು ಸುತ್ತುತ್ತದೆ, ಪಾಕ ತುಳುಕದೆ ಇರುತ್ತದೆಯೇ? 1:60 ಆದರೆ 24 ಸುತ್ತು. ಹೊಸ ಪೆಟ್ಟಿಗೆ ಬಿಸಿಯಾಗುತ್ತದೆ ಎಂದು ಗಾಬರಿಯಾಗಬೇಡಿ. ಘರ್ಷಣೆಯಿಂದಲೇ ಭಾರ ಹಿಡಿಯುವ ಗೇರ್, ಎತ್ತುವಾಗ ಅದೇ ಘರ್ಷಣೆಗೆ ಶಕ್ತಿ ತೆರಬೇಕು. ಓಡುವಾಗಲೂ ಹಿಡಿಯುವಷ್ಟು ಘರ್ಷಣೆ ಇರುವ ಗೇರಿನಲ್ಲಿ ಮೋಟರಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಎಣ್ಣೆಯ ಬಿಸಿಯಾಗಿ ಹೋಗುತ್ತದೆ. ಎಣ್ಣೆ ಕೊಳ್ಳುವಾಗ ಕಂಚಿನ ಚಕ್ರಕ್ಕೆ ಹೊಂದುವುದನ್ನೇ ಕೇಳಿ. ಲಾರಿಯ ಗೇರ್ ಎಣ್ಣೆಯಲ್ಲಿ ಗಂಧಕದ ಅಂಶವಿದ್ದರೆ ಅದು ಕಂಚನ್ನು ತಿನ್ನಬಹುದು.

ಪ್ರಶ್ನೆ: ನಾನು ಮೈಸೂರಿನಲ್ಲಿ ವೀಣೆ ಕಲಿಯುತ್ತಿದ್ದೇನೆ. ನನ್ನ ವೀಣೆಯ ಬಿರಡೆ ಜಾರಿ ಶ್ರುತಿ ಇಳಿಯುತ್ತದೆ. ತಮ್ಮನ ಗಿಟಾರಿನದು ಜಾರುವುದಿಲ್ಲ. ಏಕೆ?

ಉತ್ತರ: ಗಿಟಾರಿನ ಕಿವಿ ತಿರುವಿದಾಗ ನೀವು ತಿರುಗಿಸುವುದು ಒಂದು ಪುಟ್ಟ ವರ್ಮನ್ನು. ಅನುಪಾತ ಸಾಮಾನ್ಯವಾಗಿ 1:14ರಿಂದ 1:18ರವರೆಗೆ, ಎಳೆ ಒಂದೇ. ಮೇಲಿನ ಓದುಗರಿಗೆ ಹೇಳಿದ ಮೆಲುವಾದ ಏರು ಇದೇ. ತಂತಿ ಎಷ್ಟು ಎಳೆದರೂ ಕಿವಿ ತಿರುಗದು. ವೀಣೆಯ ಬಿರಡೆ ಮರದ ಬೆಣೆ, ತೂತಿನ ಬಿಗಿತ ಒಂದೇ ಅದನ್ನು ಹಿಡಿದಿರುತ್ತದೆ. ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿ, ತಿರುವುವಾಗ ಒಳಕ್ಕೆ ಒತ್ತಿ. ಗೇರ್ ಇರುವ ಕಿವಿಗಳನ್ನು ಹಾಕಿದ ವೀಣೆಗಳೂ ಈಗ ಇವೆ. ಅಂಥದ್ದನ್ನು ತೆಗೆದುಕೊಂಡರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಗೇರ್ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ, ದಿಕ್ಕು ಬದಲಿಸಿದಾಗಲೆಲ್ಲ ಅದು ಬಾಯಿ ತೆರೆಯುತ್ತದೆ. ಶ್ರುತಿ ಮೇಲೆ ಹೋಗಿದ್ದರೆ ಬೇಕಾದ ಸ್ವರಕ್ಕಿಂತ ಕೆಳಗಿನವರೆಗೆ ಇಳಿಸಿ, ಅಲ್ಲಿಂದ ಬಿಗಿಮಾಡುತ್ತಲೇ ಬಂದು ಸ್ವರದ ಮೇಲೆ ನಿಲ್ಲಿಸಿ.