ಪಾಸ್‌ಪೋರ್ಟಿನ ಚಿಪ್: ಬೀಗದ ಕೀಲಿ ಪುಟದ ಮೇಲೆಯೇ ಇದೆ

ಪ್ರಶ್ನೆ: ಗುಂಪಿನಲ್ಲಿ ನಿಂತಾಗ ಯಾರಾದರೂ ಯಂತ್ರ ಹಿಡಿದು ನನ್ನ ಬ್ಯಾಗಿನಲ್ಲಿರುವ ಪಾಸ್‌ಪೋರ್ಟಿನ ಚಿಪ್ ಓದಿಬಿಡಬಹುದೇ?

ಉತ್ತರ: ಅಷ್ಟು ಸುಲಭವಲ್ಲ. ಚಿಪ್‌ಗೆ ಬ್ಯಾಟರಿ ಇಲ್ಲ. ಓದುವ ಯಂತ್ರ 13.56 ಮೆಗಾಹರ್ಟ್ಸ್ ತರಂಗದ ಮೂಲಕ ಕೊಡುವ ಶಕ್ತಿಯಿಂದಲೇ ಅದು ಎಚ್ಚರಗೊಳ್ಳಬೇಕು, ಅದಕ್ಕೆ ಸಾಮಾನ್ಯವಾಗಿ ಸುಮಾರು 10 ಸೆಂ.ಮೀ. ಒಳಗೆ ಯಂತ್ರ ಬರಬೇಕು. ಹತ್ತಿರ ಬಂದರೂ ಚಿಪ್ ಮೊದಲು ಕೀಲಿ ಕೇಳುತ್ತದೆ.

ಆ ಕೀಲಿ ಎಲ್ಲಿದೆ ಗೊತ್ತೇ? ನಿಮ್ಮ ಫೋಟೋ ಇರುವ ಪುಟದ ತಳದಲ್ಲಿ ತಲಾ 44 ಅಕ್ಷರಗಳ ಎರಡು ಸಾಲುಗಳಿವೆ. ಎರಡನೆಯದರಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಈ ಮೂರರಿಂದ ಕೀಲಿ ತಯಾರಾಗುತ್ತದೆ. ತಪಾಸಣೆಯಲ್ಲಿ ಮೊದಲು ಪುಟ ಬಿಡಿಸಿ ಗಾಜಿನ ಮೇಲಿಡುವುದು ಇದಕ್ಕೇ.

ಚಿಪ್‌ಗೆ ಹೀಗೆ ಬೀಗ ಹಾಕುವ ಹಳೆಯ ವಿಧಾನವಾದ 'ಬಿಎಸಿ'ಯ ದೌರ್ಬಲ್ಯವೂ ಇಲ್ಲೇ ಇದೆ. ಸಂಖ್ಯೆಗಳನ್ನು ಅನುಕ್ರಮವಾಗಿ ಕೊಡುವ ಕಡೆ ಕೀಲಿಯನ್ನು ಊಹಿಸಬಹುದು. ಯಂತ್ರಕ್ಕೂ ಚಿಪ್‌ಗೂ ನಡೆದ ಸಂವಾದವನ್ನು ಕದ್ದು ದಾಖಲಿಸಿಕೊಂಡು, ಆಮೇಲೆ ನಿಧಾನವಾಗಿ ಬಿಡಿಸಲೂಬಹುದು. ಹೊಸ ವಿಧಾನ 'ಪೇಸ್'ನಲ್ಲಿ ಪ್ರತಿ ಸಲ ಹುಟ್ಟುವ ಕೀಲಿಯನ್ನು ಕದ್ದು ದಾಖಲಿಸಿದ ಸಂವಾದದಿಂದ ಲೆಕ್ಕಹಾಕಲಾಗದ್ದರಿಂದ ಆ ದಾರಿ ಮುಚ್ಚಿದೆ.

ಪ್ರಶ್ನೆ: ಹಾಗಾದರೆ ಜೆರಾಕ್ಸ್ ಕೊಡುವುದು ತಪ್ಪೇ?

ಉತ್ತರ: ಚಿಪ್‌ಗಿಂತ ನಾನು ಹೆಚ್ಚು ಹೆದರುವುದು ಈ ಜೆರಾಕ್ಸಿಗೆ. ಪಾಸ್‌ಪೋರ್ಟಿನ ತೀರಾ ಹತ್ತಿರ ಬರಲಾಗದವರಿಗೆ ಕೀಲಿಯಿಂದ ಹೆಚ್ಚು ಪ್ರಯೋಜನವಿಲ್ಲ, ನಿಜ. ಆದರೆ ನಿಮ್ಮ ಹೆಸರಿನಲ್ಲಿ ಖಾತೆ ತೆರೆಯಲು ಎಷ್ಟೋ ಕಡೆ ಆ ಒಂದು ಹಾಳೆಯೇ ಸಾಕು. ತೋರಿಸಿದರೆ ಸಾಕೇ ಎಂದು ಮೊದಲು ಕೇಳಿ. ಪ್ರತಿ ಕೊಡಲೇಬೇಕಾದರೆ ತಳದ ಎರಡು ಸಾಲುಗಳ ಮೇಲೆ ಕಾಗದದ ಪಟ್ಟಿ ಇಟ್ಟು ತೆಗೆಸಿ. ಸಂಖ್ಯೆ ಅವರಿಗೆ ಬೇಡವಾದರೆ ಮೇಲೆ ಅಚ್ಚಾಗಿರುವುದನ್ನೂ ಮುಚ್ಚಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂಬುದನ್ನು ಹಾಳೆಯ ಮೇಲೆ ಅಡ್ಡಲಾಗಿ, ಅಕ್ಷರಗಳ ಮೇಲೆಯೇ ಹಾದುಹೋಗುವಂತೆ ಬರೆಯಿರಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯುತ್ತಾರೆ.

ಪ್ರಶ್ನೆ: ಬೆರಳಚ್ಚೂ ಚಿಪ್‌ನಲ್ಲಿರುತ್ತದೆಯೇ?

ಉತ್ತರ: ಅಂತರರಾಷ್ಟ್ರೀಯ ನಿಯಮದಂತೆ ಮುಖದ ಚಿತ್ರ ಕಡ್ಡಾಯ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ಆಯಾ ದೇಶದ ಇಷ್ಟ. ಐರೋಪ್ಯ ಒಕ್ಕೂಟದಂಥ ಕಡೆ ಬೆರಳಚ್ಚಿಗೆ ಎರಡನೇ ಬೀಗವಿದೆ: ಪಾಸ್‌ಪೋರ್ಟ್ ಕೊಟ್ಟ ದೇಶ ಒಪ್ಪಿದ ಪ್ರಮಾಣಪತ್ರವಿರುವ ಯಂತ್ರಕ್ಕೆ ಮಾತ್ರ ಅದು ತೆರೆಯುತ್ತದೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕೌಂಟರಿನಲ್ಲಿ ತೆಗೆದುಕೊಂಡ ಬೆರಳಚ್ಚು ಚಿಪ್‌ಗೆ ಸೇರಿದ ಮೇಲೆ ಕಚೇರಿಯ ಕಂಪ್ಯೂಟರಿನಿಂದ ಅಳಿಸಿಹೋಗುತ್ತದೆಯೋ, ಉಳಿಯುತ್ತದೆಯೋ? 2013ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಪಾಸ್‌ಪೋರ್ಟಿನಲ್ಲಿ ಬೆರಳಚ್ಚು ಇಡುವುದನ್ನು ಒಪ್ಪಿತು. ಅಲ್ಲಿನ ನಿಯಮ ಬೆರಳಚ್ಚನ್ನು ಪಾಸ್‌ಪೋರ್ಟಿನೊಳಗೆ ಮಾತ್ರ ಇಡಲು ಹೇಳುತ್ತದೆ, ಕೇಂದ್ರ ಸಂಗ್ರಹಕ್ಕೆ ಅದು ಆಧಾರವಾಗದು ಎಂಬುದನ್ನೂ ಗಮನಿಸಿತು. ಅರ್ಜಿ ಕೊಡುವಾಗಲೇ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು ಎಂದು ಲಿಖಿತವಾಗಿ ಕೇಳಿ.