ಹೊಗೆ ತುಂಬಿದ ಊರಲ್ಲೇ ಇದ್ದು ವೀರ್ಯಾಣುಗಳನ್ನು ಸುಧಾರಿಸಿಕೊಳ್ಳಬಹುದಾ?

ನೀವು ಕೇಳಿದ್ದು ಇಷ್ಟು: ವಯಸ್ಸು 33, ಮದುವೆಯಾಗಿ ಎರಡು ವರ್ಷ, ದಿನಾ ಎರಡು ಗಂಟೆ ಬೈಕ್ ಮೇಲೆ ಟ್ರಾಫಿಕ್ ಹೊಗೆಯಲ್ಲಿ ಓಡಾಟ. ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ ಪರವಾಗಿಲ್ಲ, ಚಲನೆ ಮಾತ್ರ ಶೇ. 24 ಬಂದಿದೆ. ಕೆಲಸ ಬಿಟ್ಟು ಗಾಳಿ ಚೆನ್ನಾಗಿರುವ ಕಡೆ ಹೋಗಬೇಕಾ, ಇಲ್ಲೇ ಇದ್ದು ಜೀವನಶೈಲಿ ಬದಲಿಸಿದರೆ ಸಾಕಾ?

ಊರು ಬಿಡುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಇನ್ನೊಂದು ಸಲ ಪರೀಕ್ಷೆ ಮಾಡಿಸಿ.

ನಾನು ವೈದ್ಯನಲ್ಲ. ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ವೀರ್ಯದ ಸ್ಯಾಂಪಲ್ ನೋಡುವುದೇ ನನ್ನ ಕೆಲಸ. ಡಬ್ಬಿ ಕೈಗೆ ಬಂದ ಕೂಡಲೇ ನಾವು ನೋಡುವುದಿಲ್ಲ. 37 ಡಿಗ್ರಿ ಬಿಸಿಯಲ್ಲಿ ಸುಮಾರು ಅರ್ಧ ಗಂಟೆ ಇಟ್ಟರೆ ಅಂಟಂಟಾಗಿದ್ದದ್ದು ನೀರಾಗುತ್ತದೆ. ಆಮೇಲೆ ಒಂದು ಹನಿ ಗಾಜಿನ ಮೇಲೆ. ಕೆಲವು ಗೆರೆ ಎಳೆದಂತೆ ನೆಟ್ಟಗೆ ಓಡುತ್ತವೆ, ಕೆಲವು ಇದ್ದಲ್ಲೇ ಬಾಲ ಆಡಿಸುತ್ತಾ ಗಿರಕಿ ಹೊಡೆಯುತ್ತವೆ, ಉಳಿದವು ಮಿಸುಕುವುದೇ ಇಲ್ಲ. ಇನ್ನೂರು ಎಣಿಸಿ, ಇನ್ನೊಂದು ಹನಿ ತೆಗೆದುಕೊಂಡು ಮತ್ತೆ ಇನ್ನೂರು ಎಣಿಸುತ್ತೇವೆ. ಎಷ್ಟೇ ಜಾಗ್ರತೆ ಮಾಡಿದರೂ, ಡಬ್ಬಿ ಲ್ಯಾಬಿಗೆ ತಲುಪುವುದು ತಡವಾಗಿದ್ದರೆ, ದಾರಿಯಲ್ಲಿ ತಣ್ಣಗಾಗಿದ್ದರೆ, ಸಾಮಾನ್ಯ ಕಾಂಡೋಮಿನಲ್ಲಿ ತಂದಿದ್ದರೆ, ಹತ್ತು ಹದಿನೈದು ದಿನ ತಡೆದುಕೊಂಡು ಕೊಟ್ಟಿದ್ದರೆ ಚಲನೆ ಕಡಿಮೆಯೇ ಕಾಣುತ್ತದೆ. ನಿಯಮ ಇರುವುದು ಎರಡರಿಂದ ಏಳು ದಿನದ ಬಿಡುವು. ಒಂದೇ ರಿಪೋರ್ಟ್ ಹಿಡಿದುಕೊಂಡು ಬದುಕಿನ ದೊಡ್ಡ ತೀರ್ಮಾನ ಮಾಡಬೇಡಿ ಅನ್ನುವುದು ಇದಕ್ಕೇ.

ನಿಮ್ಮ 24 ಒಟ್ಟು ಚಲನೆಯೋ, ಮುಂದಕ್ಕೆ ಓಡುವ ಚಲನೆಯೋ ನೀವು ಬರೆದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗೆರೆ ಮೊದಲನೆಯದಕ್ಕೆ ಶೇ. 42, ಎರಡನೆಯದಕ್ಕೆ ಶೇ. 30, ಸಂಖ್ಯೆಗೆ ಮಿಲಿಲೀಟರಿಗೆ 1.6 ಕೋಟಿ. ಈ ಗೆರೆ ಎಲ್ಲಿಂದ ಬಂತು ಗೊತ್ತಾ? ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನೇ ಅಳೆದು, ಅವರಲ್ಲಿ ಕೊನೆಯ ಶೇ. 5 ಮಂದಿ ಎಲ್ಲಿ ನಿಂತರೋ ಅಲ್ಲಿ ಎಳೆದದ್ದು. ಅಂದರೆ ಗೆರೆಗಿಂತ ಕೆಳಗಿದ್ದವರಿಗೂ ಮಕ್ಕಳಾಗಿವೆ.

ಇನ್ನು ಹೊಗೆಯ ವಿಷಯ. ನಿಮ್ಮ ಅನುಮಾನ ಸುಳ್ಳಲ್ಲ. ಇಟಲಿಯಲ್ಲಿ ಹೆದ್ದಾರಿ ಟೋಲ್ ಗೇಟುಗಳಲ್ಲಿ ಕೆಲಸ ಮಾಡುವ ಗಂಡಸರನ್ನು ಅದೇ ಪ್ರದೇಶದ ಬೇರೆ ಗಂಡಸರ ಜೊತೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಟೋಲಿನವರ ಸಂಖ್ಯೆ ಸರಿಯಾಗೇ ಇತ್ತು, ಕಡಿಮೆಯಾಗಿದ್ದದ್ದು ಚಲನೆ. ನಿಮ್ಮ ರಿಪೋರ್ಟಿನ ಥರವೇ. ಚೆಕ್ ದೇಶದ ಟೆಪ್ಲಿಟ್ಸೆ ಎಂಬಲ್ಲಿ ಚಳಿಗಾಲ ಬಂತೆಂದರೆ ಕಲ್ಲಿದ್ದಲಿನ ಹೊಗೆ ಕವಿಯುತ್ತಿತ್ತು. ಅಲ್ಲಿನ ಯುವಕರಿಂದ ಬೇರೆ ಬೇರೆ ಕಾಲದಲ್ಲಿ ಮತ್ತೆ ಮತ್ತೆ ಸ್ಯಾಂಪಲ್ ತೆಗೆದುಕೊಂಡು ನೋಡಿದರು (2005ರಲ್ಲಿ ಪ್ರಕಟವಾಯಿತು). ಹೊಗೆ ಹೆಚ್ಚಿದ್ದಾಗ ಸಂಖ್ಯೆ, ಚಲನೆ, ಆಕಾರ ಯಾವುದೂ ಬದಲಾಗಿರಲಿಲ್ಲ, ಆದರೆ ವೀರ್ಯಾಣುವಿನೊಳಗಿನ ಡಿಎನ್ಎ ತುಂಡಾಗಿದ್ದು ಹೆಚ್ಚಿತ್ತು. ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುವ ಸಾಮಾನ್ಯ ರಿಪೋರ್ಟಿನಲ್ಲಿ ಇದು ಕಾಣುವುದೇ ಇಲ್ಲ, ಅದಕ್ಕೆ ಡಿಎನ್ಎ ಫ್ರಾಗ್ಮೆಂಟೇಷನ್ ಅಂತ ಬೇರೆ ಪರೀಕ್ಷೆ ಇದೆ. ಎಲ್ಲರಿಗೂ ಬೇಕಿಲ್ಲ, ಪದೇ ಪದೇ ಗರ್ಭಪಾತವಾಗಿದ್ದರೆ ವೈದ್ಯರೇ ಬರೆಯುತ್ತಾರೆ.

ಯಾಕೆ ಹೀಗಾಗುತ್ತದೆ ಅಂದರೆ, ವೀರ್ಯಾಣು ಅಂದರೆ ಡಿಎನ್ಎ ಗಂಟು, ಒಂದು ಮೋಟಾರು, ಒಂದು ಬಾಲ. ಮಿಕ್ಕ ಜೀವಕೋಶಗಳಿಗೆ ಇರುವ ಒಳಗಿನ ದ್ರವ ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಿಪೇರಿ ಮಾಡಿಕೊಳ್ಳುವ ಸಾಮಾನೂ ಆ ದ್ರವದ ಜೊತೆಗೇ ಕಳೆದುಹೋಗಿರುತ್ತದೆ. ಮೇಲ್ಪೊರೆಯಲ್ಲೋ ಬೇಗ ಆಕ್ಸಿಡೈಸ್ ಆಗುವ ಕೊಬ್ಬು. ಹೊಗೆಯ ಸೂಕ್ಷ್ಮ ಕಣಗಳು ಮೈಯಲ್ಲಿ ಆಕ್ಸಿಡೇಟಿವ್ ಒತ್ತಡ (ಜೀವಕೋಶಗಳನ್ನು ಕೆಡಿಸುವ ಚುರುಕು ಆಮ್ಲಜನಕದ ಹಾವಳಿ) ಹೆಚ್ಚಿಸಿದರೆ ಮೊದಲು ಏಟು ತಿನ್ನುವ ಜಾತಿ ಇದು.

ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಗೆ ಬರಲು ಇನ್ನೂ ಹತ್ತು ಹದಿನೈದು ದಿನ. ಅಂದರೆ ಮೂರು ತಿಂಗಳಿಗೊಂದು ಹೊಸ ಬೆಳೆ. ಇವತ್ತಿನ ರಿಪೋರ್ಟ್ ಹೇಳುವುದು ಮೂರು ತಿಂಗಳ ಹಿಂದಿನಿಂದ ನಡೆದದ್ದನ್ನು. ಆ ಅವಧಿಯಲ್ಲಿ ನಿಮಗೆ ಜೋರು ಜ್ವರ ಬಂದಿತ್ತಾ, ನೆನಪು ಮಾಡಿಕೊಳ್ಳಿ. ಎಷ್ಟೋ ಸಲ ಉತ್ತರ ಅಷ್ಟೇ ಆಗಿರುತ್ತದೆ.

ಹಾಗಾದರೆ ಏನು ಬದಲಿಸುವುದು? ಸಿಗರೇಟು ಸೇದುತ್ತಿದ್ದರೆ ಮಿಕ್ಕ ಮಾತೆಲ್ಲ ಆಮೇಲೆ. ರಸ್ತೆಯ ಹೊಗೆಗೆ ಹೆದರಿ ಊರು ಬಿಡುತ್ತೇನೆಂದು ಹೊರಟವರು ಲ್ಯಾಬಿನ ಗೇಟಿನಾಚೆ ನಿಂತು ದಮ್ ಎಳೆಯುವುದನ್ನು ಕಿಟಕಿಯಿಂದ ನೋಡಿದ್ದೇನೆ. ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡ ಇದೆ, ರಸ್ತೆಯ ಹೊಗೆಯಂತೆ ಗಾಳಿಯಲ್ಲಿ ಚದುರಿ ಬರುವುದಲ್ಲ, ನೇರ ಶ್ವಾಸಕೋಶಕ್ಕೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಟ್ಟು ಮಲಗುವುದೂ ಅದೇ ಸಾಲಿಗೆ ಸೇರಿದ್ದು.

ಬೈಕಿನ ಎರಡು ಗಂಟೆಗೆ ಬಟ್ಟೆಯ ಮಾಸ್ಕ್ ಸಾಲದು. ಎನ್95 ಬೇಕು, ಅದೂ ಮೂಗಿನ ಪಕ್ಕ ಸಂದಿಲ್ಲದೆ ಕೂರಬೇಕು. ಅದರಿಂದ ವೀರ್ಯ ಸುಧಾರಿಸಿಯೇ ತೀರುತ್ತದೆ ಎಂದು ಮಾತು ಕೊಡಲಾರೆ. ಒಳಗೆ ಹೋಗುವ ಕಣ ಕಡಿಮೆಯಾಗುತ್ತದೆ, ಅಷ್ಟು ಖಂಡಿತ. ಆದರೆ ವಾಹನದ ಅನಿಲಗಳನ್ನು ಅದು ತಡೆಯುವುದಿಲ್ಲ, ಹಾಗಾಗಿ ದಟ್ಟಣೆ ಇಲ್ಲದ ಹೊತ್ತಿಗೆ ಹೊರಡುವುದು, ಒಳರಸ್ತೆ ಹಿಡಿಯುವುದು ಮಾಸ್ಕಿನಷ್ಟೇ ಮುಖ್ಯ. ಓಟ, ವ್ಯಾಯಾಮ ಮಾಡುವವರಾದರೆ ದೊಡ್ಡ ರಸ್ತೆಯ ಪಕ್ಕ ಬೇಡ.

ಗಾಳಿಯ ಜೊತೆ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವೃಷಣಗಳು ಮೈಯ ಹೊರಗೆ ಇರುವುದೇ ಎರಡು ಮೂರು ಡಿಗ್ರಿ ತಂಪಾಗಿರಲಿ ಎಂದು. ಎರಡು ಗಂಟೆ ಸೀಟಿನ ಮೇಲೆ ಕೂತು ಬಂದು, ಮನೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡರೆ ಅವಕ್ಕೆ ತಣ್ಣಗಾಗಲು ಪುರುಸೊತ್ತೆಲ್ಲಿ? ಹಾರ್ವರ್ಡಿನವರು 656 ಗಂಡಸರನ್ನು ನೋಡಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ಸಡಿಲವಾದ ಒಳಚಡ್ಡಿ ಹಾಕುವವರ ವೀರ್ಯಾಣು ಸಾಂದ್ರತೆ ಶೇ. 25ರಷ್ಟು ಹೆಚ್ಚಿತ್ತು. ಇದಕ್ಕಿಂತ ಸುಲಭದ ಬದಲಾವಣೆ ಇನ್ನಿಲ್ಲ. ತೂಕ ಹೆಚ್ಚಿದ್ದರೆ ಇಳಿಸಿ, ನಿದ್ದೆ ಸರಿಮಾಡಿಕೊಳ್ಳಿ, ಕುಡಿತ ಕಡಿಮೆ ಮಾಡಿ. ಇವು ನಿಮಗೆ ಗೊತ್ತಿರುವವೇ.

ಪುಡಿ, ಮಾತ್ರೆಗಳ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರೆ ವೀರ್ಯ ಸುಧಾರಿಸುತ್ತದೆ ಎಂದು ಮಾರುತ್ತಾರಲ್ಲ, ಅಮೆರಿಕದಲ್ಲಿ 2,370 ಗಂಡಸರಿಗೆ ಆರು ತಿಂಗಳು ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶ: ವೀರ್ಯವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಹೆಚ್ಚಲಿಲ್ಲ, ಹೊಟ್ಟೆ ಕೆಟ್ಟದ್ದು ಮಾತ್ರ ಹೆಚ್ಚು. ತರಕಾರಿ, ಹಣ್ಣು ಚೆನ್ನಾಗಿ ತಿನ್ನಿ, ಆ ಡಬ್ಬಿಗಳನ್ನು ಅಂಗಡಿಯಲ್ಲೇ ಬಿಡಿ.

ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಒಮ್ಮೆ ಕಟ್ಟುಮಸ್ತಾದ ಹುಡುಗನೊಬ್ಬ ಬಂದಿದ್ದ. ಮಾಲಿನ್ಯದ ಬಗ್ಗೆ ತುಂಬಾ ಓದಿಕೊಂಡಿದ್ದ, ಮನೆಯ ಎರಡು ಕೋಣೆಗೂ ಏರ್ ಪ್ಯೂರಿಫೈಯರ್ ಹಾಕಿಸಿದ್ದ. ಹನಿಯಲ್ಲಿ ಒಂದೂ ವೀರ್ಯಾಣು ಇಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನೂ ನೋಡಿದೆ, ಆಗಲೂ ಸೊನ್ನೆ. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದನಂತೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಕೆಲಸ ನಿಲ್ಲಿಸಲು ಹೇಳುತ್ತದೆ. ಬಿಟ್ಟ ಮೇಲೆ ಮತ್ತೆ ಶುರುವಾಗಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ.

ನಿಮ್ಮ ಕೆಲಸ ಏನೆಂದು ಬರೆದಿಲ್ಲವಾದ್ದರಿಂದ ಇದನ್ನೂ ಕೇಳುತ್ತೇನೆ: ಪೇಂಟು, ಸಾಲ್ವೆಂಟು, ಸೀಸ, ಕೀಟನಾಶಕ, ವೆಲ್ಡಿಂಗ್ ಇವುಗಳ ಸಂಪರ್ಕ ಇದೆಯಾ? 1977ರಲ್ಲಿ ಕ್ಯಾಲಿಫೋರ್ನಿಯಾದ ಲೇಥ್ರಾಪಿನ ಕೀಟನಾಶಕ ಕಾರ್ಖಾನೆಯ ಕಾರ್ಮಿಕರು ನಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆಗೆ ಹೋದ ಮೇಲೆಯೇ ಡಿಬಿಸಿಪಿ ಎಂಬ ರಾಸಾಯನಿಕ ವೀರ್ಯ ಕೊಲ್ಲುತ್ತದೆ ಎಂದು ಬಯಲಾಗಿದ್ದು. ಅಂಥ ಕೆಲಸವಾದರೆ ಬದಲಿಸಬೇಕಾದದ್ದು ಊರಲ್ಲ, ಕೂರುವ ಜಾಗ.

ಕೊನೆಯದಾಗಿ, ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟಬೇಡಿ. ವೃಷಣದ ಸುತ್ತ ರಕ್ತನಾಳ ಉಬ್ಬುವ ವೆರಿಕೋಸೀಲ್ ನೂರಕ್ಕೆ ಹದಿನೈದು ಗಂಡಸರಲ್ಲಿ ಇರುತ್ತದೆ, ಮಕ್ಕಳಾಗದವರಲ್ಲಿ ಇನ್ನೂ ಹೆಚ್ಚು, ಅದಕ್ಕೆ ಚಿಕಿತ್ಸೆಯೂ ಇದೆ. ಯೂರಾಲಜಿಸ್ಟ್ ಕೈಯಿಂದ ಮುಟ್ಟಿ ನೋಡಿದರೆ ಐದು ನಿಮಿಷದ ಕೆಲಸ. ನಾಚಿಕೊಂಡು ಮುಂದೂಡಬೇಡಿ. ನಿಮ್ಮ ಮನೆಯವರ ಪರೀಕ್ಷೆಗಳೂ ಇದೇ ಹೊತ್ತಿಗೆ ನಡೆಯಲಿ, ಅವರ ವಯಸ್ಸು 35 ದಾಟಿದ್ದರೆ ಹೊಸ ಬೆಳೆಗೆಂದು ಮೂರು ತಿಂಗಳು ಕಾಯುವ ಮೊದಲೇ ವೈದ್ಯರನ್ನು ಕಾಣಿ.

ಎರಡನೇ ಸಲದ ರಿಪೋರ್ಟ್ ಅದೇ ಲ್ಯಾಬಿನಲ್ಲಿ, ಅಷ್ಟೇ ದಿನದ ಬಿಡುವಿನಲ್ಲಿ ಮಾಡಿಸಿ. ಇಲ್ಲದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಾಗುವುದಿಲ್ಲ. ಬಂದ ಮೇಲೆ ಒಟ್ಟು ಚಲನೆ, ಮುಂದಕ್ಕೆ ಓಡುವ ಚಲನೆ ಎರಡೂ ಅಂಕಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.